ತಣ್ಣೀರಿನ ನಾಲ್ಕು ತಿಂಗಳು, ಬೂತಾಯಿಯ ನೂರು ವರ್ಷ

ಅರಬ್ಬೀ ಸಮುದ್ರವೆಂದರೆ ಬಿಸಿನೀರಿನ ಕಡಲು ಎಂದೇ ಘಟ್ಟದ ಮೇಲಿನವರು ಎಣಿಸಿಕೊಂಡಿದ್ದೇವೆ. ವರ್ಷದ ಎಂಟು ತಿಂಗಳ ಮಟ್ಟಿಗೆ ಅದು ಸರಿ. ಏಪ್ರಿಲ್–ಮೇ ಹೊತ್ತಿಗೆ ಮಂಗಳೂರಿನಿಂದ ಕಾರವಾರದವರೆಗೆ ಕಡಲಿನ ಮೇಲ್ಪದರ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಲೆಕ್ಕ ಬದಲಾಗುತ್ತದೆ. ಗಾಳಿ ದಡದ ಗುಂಟ ಮೇಲ್ಪದರದ ನೀರನ್ನು ತೆಂಕಣಕ್ಕೆ ನೂಕುತ್ತದೆ; ಭೂಮಿಯ ತಿರುಗುವಿಕೆ ಆ ನೀರನ್ನು ಬಲಕ್ಕೆ, ಅಂದರೆ ದಡದಿಂದ ಆಚೆಗೆ, ಸರಿಸುತ್ತದೆ; ತೆರವಾದ ಜಾಗ ತುಂಬಲು ಆಳದ ತಣ್ಣನೆಯ ನೀರು ಇಳಿಜಾರು ಹತ್ತಿ ಬರುತ್ತದೆ. ಕೇರಳದ ತುದಿಯಲ್ಲಿ ಮೇ ಹೊತ್ತಿಗೇ ಶುರುವಾಗುವ ಈ ಏರಿಕೆ ಬಡಗಣಕ್ಕೆ ಸಾಗುತ್ತಾ ಜೂನ್–ಜುಲೈಯಲ್ಲಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಆಗ ಮಂಗಳೂರಿನ ಎದುರಿನ ಕಡಲತಳದಲ್ಲಿ 20–22 ಡಿಗ್ರಿಯ ನೀರು ಹರಡಿಕೊಂಡಿರುತ್ತದೆ. ಮೇಲೆ ನೇತ್ರಾವತಿ, ಸ್ವರ್ಣಾ, ಶರಾವತಿಗಳು ತಂದು ಸುರಿದ ಸಿಹಿನೀರು ತೆಳ್ಳಗೆ ಹಾಸಿರುವುದರಿಂದ ದಂಡೆಯ ಮೇಲೆ ನಿಂತವರಿಗೆ ಅದು ಗೊತ್ತಾಗುವುದಿಲ್ಲ. ಪೆರುವಿನಂತೆಯೋ ಕ್ಯಾಲಿಫೋರ್ನಿಯಾದಂತೆಯೋ ವರ್ಷವಿಡೀ ತಣ್ಣೀರಿನ ದಡ ನಮ್ಮದಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅದೇ ಕುಲಕ್ಕೆ ಸೇರಿದ ದಡ. ಬೂತಾಯಿ ಮೀನಿನ ಏಳುಬೀಳಿನ ಚರಿತ್ರೆಯನ್ನು ಬಲೆಗಳ ಚರಿತ್ರೆಯೆಂದು ಓದುವ ರೂಢಿ ನಮಗಿದೆ. ಅದನ್ನು ಮೊದಲು ಈ ನಾಲ್ಕು ತಿಂಗಳ ತಂಪಿನ ಚರಿತ್ರೆಯೆಂದು ಓದಬೇಕು, ಬಲೆ ಆಮೇಲಿನ ಅಧ್ಯಾಯ ಎಂಬುದು ಈ ಲೇಖನದ ವಾದ. ಕಡಲು ಬಿಸಿಯಾಗುತ್ತಿದೆ ಎಂಬ ಸುದ್ದಿಯಲ್ಲಿ ನಮಗೆ ತಟ್ಟುವ ಭಾಗ ಸರಾಸರಿ ಎಷ್ಟು ಡಿಗ್ರಿ ಏರಿತು ಎಂಬುದಕ್ಕಿಂತ ಹೆಚ್ಚಾಗಿ, ಆ ತಂಪು ಹೊತ್ತಿಗೆ ಸರಿಯಾಗಿ, ಹದವಾಗಿ ಬರುತ್ತದೆಯೇ ಎಂಬುದು.

ಬೆಂಗಳೂರಿನ ಹೂಡಿಯಂಥ ಊರಿಗೆ ಈ ಕಡಲಿನ ಕಥೆ ಏಕೆ ಎಂದು ಕೇಳಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಚೆನ್ನೈ ರೈಲುದಾರಿಯ ಪಕ್ಕದಲ್ಲಿ, ಕೆರೆ ಮತ್ತು ಹೊಲಗಳ ಹಳ್ಳಿಯಾಗಿದ್ದು ಈಗ ವೈಟ್‌ಫೀಲ್ಡ್ ಮತ್ತು ಮಹದೇವಪುರದ ಕಚೇರಿಗಳ ನಡುವೆ ಸಿಕ್ಕಿಕೊಂಡಿರುವ ಜಾಗ ಅದು. ಆದರೂ ಕಡಲಿಗೂ ಈ ಬಯಲಿಗೂ ಎರಡು ನಂಟುಗಳಿವೆ. ಒಂದು, ಘಟ್ಟ ಹತ್ತಿ ಬರುವ ಮೀನಿನ ಲಾರಿ ಮತ್ತು ಕೆಲಸ ಹುಡುಕಿ ಬಂದ ಕರಾವಳಿಯ ಮಂದಿ. ಇಲ್ಲಿನ ಮಾರುಕಟ್ಟೆಯಲ್ಲಿ ಬೂತಾಯಿಯ ಬೆಲೆ ಏರಿದರೆ ಮಲ್ಪೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಎರಡನೆಯದು ಅಷ್ಟಾಗಿ ಕಣ್ಣಿಗೆ ಬೀಳದ್ದು. ಕಡಲಿನ ಬಣ್ಣ ನೋಡಿ ಅದರಲ್ಲಿರುವ ಹಸಿರು ಪಾಚಿಯ ಪ್ರಮಾಣ ಅಳೆಯುವ ಓಷನ್‌ಸ್ಯಾಟ್ ಸರಣಿಯ ಉಪಗ್ರಹಗಳು (1999, 2009, 2022) ರೂಪುಗೊಂಡದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಹೂಡಿಯಿಂದ ಬಹಳ ದೂರವಲ್ಲದ ಪೂರ್ವ ಬೆಂಗಳೂರಿನಲ್ಲೇ. ಸಮುದ್ರದ ಉಷ್ಣತೆ ಮತ್ತು ಬಣ್ಣದ ಇಂಥ ಮಾಹಿತಿಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆಯಾಗಿ ಬಂದರುಗಳಿಗೆ ಕಳಿಸುತ್ತದೆ. ಅಂದರೆ ತಂಪು ಎಲ್ಲಿದೆಯೆಂದು ನೋಡುವ ಕಣ್ಣು ನಮ್ಮಲ್ಲಿದೆ. ನೋಡಿದ್ದನ್ನು ಏತಕ್ಕೆ ಬಳಸುತ್ತಿದ್ದೇವೆ ಎಂಬ ಪ್ರಶ್ನೆಗೆ ಕೊನೆಯಲ್ಲಿ ಬರೋಣ.

ಬೂತಾಯಿ ಮಂಗಳೂರಿನ ಹೆಸರು. ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಕಾಸರಗೋಡು ದಾಟಿದರೆ ಮತ್ತಿ. ಎರಡೂವರೆ–ಮೂರು ವರ್ಷಕ್ಕಿಂತ ಹೆಚ್ಚು ಬದುಕದ, ಒಂದು ವರ್ಷದೊಳಗೇ ತತ್ತಿಯಿಡಲು ಸಿದ್ಧವಾಗುವ ಸಣ್ಣ ಮೀನು. ಮುಂಗಾರಿನ ತಿಂಗಳುಗಳಲ್ಲಿ ತತ್ತಿಯಿಡುತ್ತದೆ. ಆಳದ ತಣ್ಣೀರು ತಂದ ಲವಣಗಳನ್ನುಂಡು ಪಾಚಿ ಬೆಳೆಯುವ ಹೊತ್ತಿಗೇ ಮರಿ ಬಾಯಿ ತೆರೆಯಬೇಕು. ಮಳೆ ನಿಂತ ಮೇಲೆ ಕೊಬ್ಬು ತುಂಬಿದ ಮೀನು ದಡದ ಸಮೀಪಕ್ಕೆ ಹಿಂಡುಹಿಂಡಾಗಿ ಬರುತ್ತದೆ, ಕರಾವಳಿಯ ಸುಗ್ಗಿ ಅದು. ಈ ಕೊಬ್ಬಿನಿಂದಲೇ ಅದು ಚರಿತ್ರೆಯ ಕಡತಗಳನ್ನು ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ನಡುವೆ ಮಲಬಾರಿನಿಂದ ಮೀನೆಣ್ಣೆ ಹಡಗು ಹತ್ತುತ್ತಿತ್ತು. 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಬರೆದ ಫ್ರಾನ್ಸಿಸ್ ಡೇ ಎಂಬ ವೈದ್ಯಾಧಿಕಾರಿಗೆ ಈ ವ್ಯಾಪಾರ ಗೊತ್ತಿತ್ತು. 1905ರಲ್ಲಿ ಮದ್ರಾಸ್ ಸರ್ಕಾರದ ಮೀನುಗಾರಿಕೆಯ ಹೊಣೆ ಹೊತ್ತ ಸರ್ ಫ್ರೆಡರಿಕ್ ನಿಕಲ್ಸನ್, ಕೊಳೆತ ಮೀನಿನಿಂದ ಕೆಟ್ಟ ವಾಸನೆಯ ಎಣ್ಣೆ ತೆಗೆಯುವ ಬದಲು ತಾಜಾ ಮೀನನ್ನು ಬೇಯಿಸಿ ಹಿಂಡುವ ಕ್ರಮವನ್ನು ಪಡುವಣ ಕರಾವಳಿಯಲ್ಲಿ ಪ್ರಯೋಗ ಮಾಡಿಸಿ ಹರಡಿದರು. ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಮಲಬಾರಿನ ದಡದುದ್ದಕ್ಕೂ ನೂರಾರು ಸಣ್ಣ ಎಣ್ಣೆ–ಗೊಬ್ಬರದ ಕಾರ್ಖಾನೆಗಳು ಎದ್ದವು. ಎಣ್ಣೆ ಸಾಬೂನಿಗೆ, ಚರ್ಮ ಹದಮಾಡಲು, ಸೆಣಬಿನ ಗಿರಣಿಗೆ ಹೋಯಿತು. ಹಿಂಡಿದ ಚರಟ ಗೊಬ್ಬರವಾಗಿ ಕಾಫಿ–ಚಹಾ ತೋಟಗಳಿಗೆ, ಹಡಗೇರಿ ಹೊರದೇಶಕ್ಕೂ ಹೋಯಿತು. ಬಡವರ ಮೀನು ಸಾಮ್ರಾಜ್ಯದ ಕಚ್ಚಾಸರಕಾದ ಕಾಲ ಅದು.

ಹೀಗೆ ಬಂಡವಾಳ ಹೂಡಿದವರಿಗೆ ಮೀನಿನ ಚಂಚಲ ಸ್ವಭಾವ ದೊಡ್ಡ ತಲೆನೋವಾಯಿತು. ಒಂದು ವರ್ಷ ಕಡಲೇ ಬೆಳ್ಳಿಯಾಗುವಷ್ಟು ಬಂದ ಮೀನು ಮರುವರ್ಷ ಕಾಣೆ. ನಿಕಲ್ಸನ್ನರ ನಂತರ ಇಲಾಖೆ ನಡೆಸಿದ ಜೇಮ್ಸ್ ಹಾರ್ನೆಲ್, ನಾಯುಡು ಎಂಬ ಸಹಾಯಕರೊಂದಿಗೆ ಸೇರಿ 1920ರ ದಶಕದ ಆರಂಭದಲ್ಲಿ ಬೂತಾಯಿಯ ಜೀವನಕ್ರಮವನ್ನು, ಅದು ತಿನ್ನುವ ತೇಲುಜೀವಿಗಳನ್ನು ಕುರಿತು ಮೊದಲ ಗಟ್ಟಿ ಅಧ್ಯಯನ ಪ್ರಕಟಿಸಿದರು. ಆಮೇಲೆ ಬಂದದ್ದು ದೀರ್ಘ ಕ್ಷಾಮ. 1940ರ ದಶಕದಲ್ಲಿ ಮೀನು ಹೆಚ್ಚುಕಡಿಮೆ ಮಾಯವಾಯಿತು, ಕಾರ್ಖಾನೆಗಳು ಬಾಗಿಲು ಹಾಕಿದವು. ಕಾರಣ ಹುಡುಕಲು ಹೊರಟ ಮದ್ರಾಸ್ ಮೀನುಗಾರಿಕೆಯ ದೇವನೇಶನ್ 1943ರಲ್ಲಿ ವರದಿ ಕೊಟ್ಟರು. ಆ ದಶಕದಲ್ಲೇ ಸರ್ಕಾರ ಮರಿಮೀನು ಹಿಡಿಯುವುದನ್ನೂ ಮಲಬಾರಿನ ಮತ್ತಿಕೊಲ್ಲಿ ಬಲೆಯಂಥ ಕೆಲವು ಬಲೆಗಳನ್ನೂ ನಿರ್ಬಂಧಿಸಿತು, ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆಯಿತು. ಗಮನಿಸಬೇಕಾದ್ದು ಇಷ್ಟು: ಆ ಕಾಲಕ್ಕೆ ನಮ್ಮ ಕಡಲಿನಲ್ಲಿ ಯಂತ್ರದ ದೋಣಿಯೇ ಇರಲಿಲ್ಲ. ಹುಟ್ಟು ಹಾಕಿ, ಹಾಯಿ ಕಟ್ಟಿ, ದಡದಿಂದ ಕೆಲವೇ ಮೈಲು ದೂರ ಹೋಗುತ್ತಿದ್ದ ಮಂದಿ ಇಡೀ ಪಡುಗಡಲಿನ ಬೂತಾಯಿಯನ್ನು ಬಗೆದು ಮುಗಿಸಿದರು ಎಂದು ನಂಬುವುದು ಕಷ್ಟ. 1956ರಲ್ಲಿ ದೇಶದ ಒಟ್ಟು ಬೂತಾಯಿ ಹಿಡುವಳಿ ಏಳು ಸಾವಿರ ಟನ್ನಿನ ಸುತ್ತ ಇತ್ತು. ಮರುವರ್ಷ ಅದು 1.9 ಲಕ್ಷ ಟನ್ ಮುಟ್ಟಿತು. ಹನ್ನೆರಡು ತಿಂಗಳಲ್ಲಿ ಇಪ್ಪತ್ತೈದು ಪಟ್ಟು! ಬಲೆಗಳ ಸಂಖ್ಯೆ ಹಾಗೆ ಏರಿರಲಿಲ್ಲ, ದೋಣಿಗಳೂ ಏರಿರಲಿಲ್ಲ. ಬದಲಾದದ್ದು ಕಡಲು.

ಆ ಬದಲಾವಣೆಯ ಜಾಡು ಹಿಡಿದವರು ಇದ್ದರು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು: ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಪಾಚಿ ನೀರಿನಲ್ಲಿ ಯಥೇಚ್ಛವಾಗಿ ಕಂಡರೆ ಬೂತಾಯಿಯೂ ಯಥೇಚ್ಛ. ಆ ಪಾಚಿಯ ಹಿಂದಿದ್ದದ್ದು ಮುಂಗಾರಿನ ತಣ್ಣೀರು. 1959ರಲ್ಲಿ ಕಾರ್ಲ್ ಬಾನ್ಸೆ ಎಂಬ ಜರ್ಮನ್ ವಿಜ್ಞಾನಿ ತೆಂಕಣ–ಪಡುವಣ ದಡದ ತಳನೀರಿನ ಏರಿಕೆಯನ್ನು ಮೀನುಗಾರಿಕೆಯೊಂದಿಗೆ ಜೋಡಿಸಿ ಬರೆದರು. ಅವರು ತೋರಿಸಿದ ಇನ್ನೊಂದು ಮುಖ ಹೆಚ್ಚು ಮುಖ್ಯ. ಆಳದಿಂದ ಬರುವ ಈ ನೀರಿನಲ್ಲಿ ಲವಣ ಹೇರಳ, ಆಮ್ಲಜನಕ ತೀರಾ ಕಡಿಮೆ. ಅದು ತಳದ ಮೇಲೆ ಹರಡಿದಾಗ ತಳದ ಮೀನುಗಳು ಉಸಿರಿಗಾಗಿ ಜಾಗ ಬಿಟ್ಟು ಓಡುತ್ತವೆ. ಅನ್ನ ತರುವ ನೀರೇ ಉಸಿರು ಕಟ್ಟಿಸುವ ನೀರೂ ಹೌದು. ಹಾಗಾಗಿ ತಂಪು ಹೆಚ್ಚಿದಷ್ಟೂ ಮೀನು ಹೆಚ್ಚು ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಏರಿಕೆ ದುರ್ಬಲವಾದರೆ ಹಸಿವು, ಅತಿಯಾದರೆ ಉಸಿರಿನ ತೊಂದರೆ. ಬೇಗ ಬಂದರೆ ತತ್ತಿ ತಪ್ಪುತ್ತದೆ, ತಡವಾದರೆ ಮರಿ ತಪ್ಪುತ್ತದೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆ, 1966ರಲ್ಲಿ ಹುಟ್ಟಿದ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು, ಇವೆಲ್ಲ ಈ ತಿಳಿವಳಿಕೆಗೆ ಪದರ ಪದರವಾಗಿ ಸೇರಿಸಿದವು. ಆದರೆ ಅದು ಪ್ರಯೋಗಾಲಯದ ಬಾಗಿಲು ದಾಟಿ ಬಂದರಿನ ರಾಜಕೀಯಕ್ಕೆ ಬರಲಿಲ್ಲ.

ಬಂದರಿನ ರಾಜಕೀಯದಲ್ಲಿ ಆಗ ನಡೆಯುತ್ತಿದ್ದದ್ದು ಬೇರೆಯೇ ಕಥೆ. ಕರ್ನಾಟಕದ ದಡದಲ್ಲಿ ಬೂತಾಯಿ–ಬಂಗುಡೆಗೆ ರಂಪಣಿಯೇ ರಾಜ. ಕಿಲೋಮೀಟರಿಗೂ ಮೀರಿದ ಬಲೆಯನ್ನು ದೋಣಿಯಲ್ಲಿ ಒಯ್ದು ಹಿಂಡನ್ನು ಸುತ್ತುವರಿದು ಎರಡೂ ತುದಿಯನ್ನು ದಡಕ್ಕೆ ತಂದು ಎಳೆಯುವುದು. ಎಳೆಯಲು ಊರಿಗೆ ಊರೇ ಬೇಕು, ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. ಮೀನು ತಾನಾಗಿ ದಡಕ್ಕೆ ಬರುವವರೆಗೆ ರಂಪಣಿಯವರು ಕಾಯಬೇಕಿತ್ತು, ಅದೇ ಅದರ ದೌರ್ಬಲ್ಯ ಮತ್ತು ಅದೇ ಕಡಲಿಗಿದ್ದ ರಕ್ಷಣೆ. 1975–76ರಲ್ಲಿ ಮಂಗಳೂರು ಕಡೆ ಪರ್ಸೀನ್ ಬೋಟುಗಳು ವಾಣಿಜ್ಯವಾಗಿ ಇಳಿದವು. ಕಾಯುವ ಬದಲು ಮೀನಿರುವಲ್ಲಿಗೆ ಹೋಗಿ, ಬಲೆಯ ತಳವನ್ನು ಚೀಲದಂತೆ ಬಿಗಿದು ಹಿಂಡನ್ನೇ ಎತ್ತಿಕೊಳ್ಳುವ ವಿಧಾನ ಅದು. ನಾಲ್ಕೈದು ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು; ಎಳೆಯುವ ಕೈಗಳು ಕೂಲಿಗೆ ತಿರುಗಿದವು, ದಡದಲ್ಲೂ ಕಡಲಿನಲ್ಲೂ ಜಗಳಗಳಾದವು. ಈ ಜಗಳಗಳ ಬೆನ್ನಿಗೇ ಬಂದದ್ದು 1986ರ ಕರ್ನಾಟಕ ಸಾಗರ ಮೀನುಗಾರಿಕಾ ನಿಯಂತ್ರಣ ಕಾಯಿದೆ. ಅದರ ಕಣ್ಣು ಯಾರು ಎಷ್ಟು ದೂರದಲ್ಲಿ ಯಾವ ಬೋಟಿನಲ್ಲಿ ಯಾವ ಬಲೆ ಹಾಕಬಹುದು ಎಂಬುದರ ಮೇಲೆ. ಮೀನುಗಾರರ ನಡುವಣ ನ್ಯಾಯಕ್ಕೆ ಅದು ಬೇಕೇ ಬೇಕಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಅಭ್ಯಾಸವನ್ನು ಅದು ಗಟ್ಟಿಮಾಡಿತು: ಮೀನು ಕಡಿಮೆಯಾದರೆ ಎದುರು ಪಾಳೆಯದ ಬಲೆಯತ್ತ ಬೆರಳು ತೋರಿಸುವುದು. ನಾಡದೋಣಿಯವರು ಪರ್ಸೀನ್ ಎಂದರು, ಪರ್ಸೀನ್‌ನವರು ತಳ ಬಾಚುವ ಟ್ರಾಲ್ ಬೋಟು ಎಂದರು, ಎಲ್ಲರೂ ಸೇರಿ ದೀಪ ಬೆಳಗಿಸಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಎಂದರು. ನೀರಿನ ಕಡೆ ಯಾರೂ ಬೆರಳು ತೋರಿಸಲಿಲ್ಲ.

ಅಷ್ಟರಲ್ಲಿ ನೀರು ಬದಲಾಗುತ್ತಿತ್ತು. 2020ರಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯ ಪ್ರಕಟಿಸಿದ ಹವಾಮಾನ ಸಮೀಕ್ಷೆಯ ಪ್ರಕಾರ 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಇದೇ ಅವಧಿಯಲ್ಲಿ ಜಗತ್ತಿನ ಕಡಲುಗಳ ಸರಾಸರಿ ಏರಿಕೆ 0.7 ಡಿಗ್ರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಸಂಗಡಿಗರು 2016ರಲ್ಲಿ, ಹಿಂದೂ ಮಹಾಸಾಗರದ ಪಡುವಣ ಭಾಗದಲ್ಲಿ ಆರು ದಶಕಗಳಲ್ಲಿ ತೇಲುಪಾಚಿ ಶೇ 20ರವರೆಗೆ ಕುಗ್ಗಿದೆ ಎಂದು ತೋರಿಸಿದರು. ಆ ಅಂಕಿ ಮುಖ್ಯವಾಗಿ ಸೊಮಾಲಿಯಾ ಕಡೆಯ ಕಡಲಿನದು, ಮಲ್ಪೆಯದಲ್ಲ. ಅದನ್ನು ನೇರವಾಗಿ ನಮ್ಮ ದಡಕ್ಕೆ ಅಂಟಿಸುವುದು ತಪ್ಪು. ಆದರೆ ಕಾರಣ ಎರಡೂ ಕಡೆ ಒಂದೇ. ಬಿಸಿನೀರು ಹಗುರ. ಅದು ಹಾಲಿನ ಮೇಲಿನ ಕೆನೆಯಂತೆ ಕಟ್ಟಿಕೊಂಡು ಕೂತರೆ ಕೆಳಗಿನ ತಣ್ಣೀರನ್ನು ಮೇಲೆತ್ತಲು ಗಾಳಿ ಇನ್ನಷ್ಟು ದುಡಿಯಬೇಕು. ಗಾಳಿ ಅಷ್ಟೇ ಬೀಸಿದರೂ ಮೇಲೆ ಬರುವ ಲವಣ ಕಡಿಮೆಯಾಗುತ್ತದೆ. ಮಂಗಳೂರಿನ ಎದುರಿನ ಕಡಲಿನಲ್ಲಿ 1995ರಿಂದ 2004ರವರೆಗೆ ಸತತವಾಗಿ ಅಳೆದ ಕೃಷ್ಣಕುಮಾರ್ ಮತ್ತು ಭಟ್ ಅವರ ಅಧ್ಯಯನ ನಮಗೆ ಇಲ್ಲಿ ಹೆಚ್ಚು ಹತ್ತಿರದ ಸಾಕ್ಷಿ. ತಳನೀರಿನ ಏರಿಕೆ ವರ್ಷದಿಂದ ವರ್ಷಕ್ಕೆ ಬಹಳ ವ್ಯತ್ಯಾಸವಾಗುತ್ತದೆ, ಬೂತಾಯಿ–ಬಂಗುಡೆಯ ಹಿಡುವಳಿಯೂ ಅದರ ನೆರಳಿನಂತೆ ಏರಿಳಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಪೆಸಿಫಿಕ್‌ನಲ್ಲಿ ಎಲ್ ನಿನೊ (ಕಡಲ ಮೇಲ್ಮೈ ಅಸಹಜವಾಗಿ ಬಿಸಿಯಾಗುವ ವಿದ್ಯಮಾನ) ಎದ್ದ ವರ್ಷ ಉಳ್ಳಾಲದ ಬಲೆಗೂ ಅದರ ಬಿಸಿ ತಟ್ಟುತ್ತದೆ.

2012ರಿಂದಾಚೆಗಿನ ಹತ್ತು ವರ್ಷ ಈ ವಾದಕ್ಕೆ ಕಠಿಣ ಪರೀಕ್ಷೆ. ಅಂಕಿ ಸ್ಪಷ್ಟವಾಗಿ ಸಿಗುವುದು ಬೂತಾಯಿಯ ತವರಾದ ಕೇರಳದಿಂದ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. ಪ್ರಬಲ ಎಲ್ ನಿನೊ ಕಾಡಿದ 2015ರ ಹೊತ್ತಿಗೆ ಮೀನು ಕುಸಿದು ಬಿದ್ದಿತ್ತು. ನಡುವೆ ಒಂದೆರಡು ವರ್ಷ ಚೇತರಿಸಿಕೊಂಡಂತೆ ಕಂಡು, 2021ರಲ್ಲಿ 3,300 ಟನ್ನಿನ ಸುತ್ತಕ್ಕೆ ಇಳಿಯಿತು, ನೂರಕ್ಕೆ ಒಂದು ಪಾಲೂ ಅಲ್ಲ. ಒಮಾನ್ ಕಡೆಯ ಮತ್ತಿ ಮಂಜುಗಡ್ಡೆಯಲ್ಲಿ ಕೇರಳದ ಸಂತೆಗೆ ಬಂತು. ನಮ್ಮ ದಡದ ಪತ್ರಿಕೆಗಳಲ್ಲಿ ಮತ್ಸ್ಯಕ್ಷಾಮ ಎಂಬ ಶೀರ್ಷಿಕೆ ವರ್ಷವರ್ಷವೂ ಮರಳಿತು. ಬೂತಾಯಿಯ ಬದಲು ಬಲೆಗೆ ಬಿದ್ದು ರಾಶಿಯಾದದ್ದು ಒರಟು ಚರ್ಮದ, ಊಟದ ತಟ್ಟೆಗಿಂತ ಫಿಶ್‌ಮೀಲ್ ಗಿರಣಿಗೇ ಹೆಚ್ಚು ಲಾಯಕ್ಕಾದ ಕಾರ್ಗಿಲ್ ಮೀನು. ಆ ವರ್ಷಗಳಲ್ಲಿ ಮೀನು ಬಡಕಲಾಗಿ, ತತ್ತಿ ಬಲಿಯುವುದು ಏರುಪೇರಾದುದನ್ನು ಕೊಚ್ಚಿಯ ವಿಜ್ಞಾನಿಗಳು ದಾಖಲಿಸಿದರು. ಬರೀ ಬಲೆಯಿಂದ ಕಡಿಮೆಯಾದ ಮೀನು ಸಾಮಾನ್ಯವಾಗಿ ಬಡಕಲಾಗುವುದಿಲ್ಲ. ಉಳಿದವಕ್ಕೆ ಮೇವು ಹೆಚ್ಚೇ ಸಿಗುತ್ತದೆ. ಸಂಖ್ಯೆಯೂ ಕಡಿಮೆ, ಮೈಯೂ ಕಡಿಮೆ ಎಂದರೆ ಮೇವಿಗೇ ಕುತ್ತು ಬಂದಿದೆ ಎಂದು ಊಹಿಸಬೇಕಾಗುತ್ತದೆ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ: ಹಾಗಾದರೆ ಬಲೆ ನಿರಪರಾಧಿಯೇ? ಖಂಡಿತ ಅಲ್ಲ. 2012ರ ದಾಖಲೆಯ ಹಿಡುವಳಿಯೇ ಕಡಲಿನಲ್ಲಿ ಇಟ್ಟುಕೊಳ್ಳಬೇಕಾಗಿದ್ದ ಬಂಡವಾಳವನ್ನು ಬಾಚಿಕೊಂಡದ್ದು. ಕೇರಳದ ರಿಂಗ್ ಸೀನ್, ನಮ್ಮ ಪರ್ಸೀನ್, 2017ರಲ್ಲಿ ಕೇಂದ್ರ ನಿಷೇಧಿಸಿದ ಮೇಲೂ ನಿಲ್ಲದ ಲೈಟ್ ಫಿಶಿಂಗ್, ಉಳ್ಳಾಲ–ಮುಕ್ಕ–ಮಲ್ಪೆ ಸಾಲಿನ ಫಿಶ್‌ಮೀಲ್ ಗಿರಣಿಗಳ ತೀರದ ಹಸಿವು, ಇವು ಮರಿಗೂ ಒಂದು ಬೆಲೆ ಕಟ್ಟಿದವು. ಬೆರಳುದ್ದದ ಬೂತಾಯಿ ತಿನ್ನಲು ಬಾರದಿದ್ದರೂ ಗಿರಣಿಗೆ ಬರುತ್ತದೆ. ವಿ. ಕೃಪಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯೇ ಅತಿ ಹಿಡಿತವನ್ನೂ ಹವಾಮಾನವನ್ನೂ ಜೊತೆಗೆ ಹೆಸರಿಸುತ್ತದೆ. ನನ್ನ ಮಾತು ಇಷ್ಟೇ: ಇವೆರಡನ್ನು ಕೂಡಿಸಿ ಲೆಕ್ಕ ಹಾಕಿದರೆ ಸಾಲದು, ಗುಣಿಸಬೇಕು. ಮೂರೇ ವರ್ಷ ಬದುಕುವ ಮೀನಿಗೆ ಹಿಂದೆ ಒಂದು ಕೆಟ್ಟ ಮುಂಗಾರು ಬಂದರೂ ಹಳೆಯ ತಲೆಮಾರು ಒಂದಷ್ಟು ಉಳಿದಿರುತ್ತಿತ್ತು. ಮುಂದಿನ ಒಳ್ಳೆಯ ವರ್ಷ ಅವು ಕಡಲು ತುಂಬುತ್ತಿದ್ದವು. 1956ರಿಂದ 57ಕ್ಕೆ ಕಂಡ ಜಿಗಿತದ ಗುಟ್ಟು ಅದೇ ಇರಬೇಕು. ಆ ಉಳಿಕೆಯನ್ನೂ ಬಲೆ ತೆಗೆದುಬಿಟ್ಟಿದ್ದರೆ, ಒಳ್ಳೆಯ ವರ್ಷ ಬಂದಾಗ ತತ್ತಿಯಿಡಲು ಯಾರಿರುತ್ತಾರೆ? ಕೆಟ್ಟ ವರ್ಷಗಳು ಒಂದರ ಹಿಂದೊಂದು ಬರಲು ಶುರುವಾದ ಕಾಲದಲ್ಲೇ ನಾವು ಈ ಉಳಿಕೆಗೆ ಕೈಹಾಕಿದ್ದೇವೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. 1940ರ ದಶಕದಲ್ಲಿ ಯಂತ್ರವೂ ಇರಲಿಲ್ಲ, ಇಷ್ಟು ಬಿಸಿಯೂ ಇರಲಿಲ್ಲ. ಆಗಲೂ ಮೀನು ಮಾಯವಾಗಿತ್ತು, ಹಾಗಾದರೆ ಇದು ಕಡಲಿನ ಹಳೆಯ ಆಟವಲ್ಲವೇ? 1994ರಲ್ಲೂ ದೇಶದ ಹಿಡುವಳಿ 50 ಸಾವಿರ ಟನ್ನಿಗಿಂತ ಕೆಳಗಿಳಿದು ಮತ್ತೆ ಎದ್ದಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಎದುರಿನ ಕಡಲತಳದ ಕೆಸರಿನಲ್ಲಿ ಪದರ ಪದರವಾಗಿ ಕೂತ ಮೀನಿನ ಹುರುಪೆಗಳನ್ನು ಎಣಿಸಿದವರು, ಬೂತಾಯಿಯ ಬಳಗದ ಅಲ್ಲಿನ ಸಾರ್ಡೀನ್ ಹದಿನೇಳು ಶತಮಾನಗಳಿಂದಲೂ ಏರಿ ಇಳಿಯುತ್ತಲೇ ಬಂದಿದೆ ಎಂದು ತೋರಿಸಿದ್ದಾರೆ. ಒಪ್ಪಬೇಕಾದ ಮಾತು. ಆದರೆ ಈ ಆಕ್ಷೇಪ ವಾದವನ್ನು ಕೆಡವುವುದಿಲ್ಲ, ಅದಕ್ಕೆ ಆಧಾರ ಕೊಡುತ್ತದೆ. ಮನುಷ್ಯನ ಕೈ ಹಗುರವಿದ್ದ ಕಾಲದಲ್ಲೂ ಮೀನು ಇಷ್ಟು ಏರಿಳಿಯಿತೆಂದರೆ, ನೀರಿನ ಸಣ್ಣ ಬದಲಾವಣೆಗೂ ಅದು ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂದಾಯಿತು. ಅಷ್ಟು ಸೂಕ್ಷ್ಮವಾದ ಜೀವಕ್ಕೆ ಒಂದು ಡಿಗ್ರಿಯ ನಿರಂತರ ಏರಿಕೆ ಏನೂ ಮಾಡದು ಎಂದು ವಾದಿಸುವುದೇ ಹೆಚ್ಚು ಕಷ್ಟ. ಪೆರುವಿನ ಪಾಠವೂ ಕಣ್ಣೆದುರಿದೆ. 1970ರಲ್ಲಿ 1.2 ಕೋಟಿ ಟನ್ ದಾಟಿದ್ದ ಅಲ್ಲಿನ ಆಂಚೊವಿ, 1972ರ ಎಲ್ ನಿನೊ ಮತ್ತು ಲಂಗುಲಗಾಮಿಲ್ಲದ ಹಿಡಿತ ಒಟ್ಟಿಗೆ ಬಡಿದಾಗ 1973ರಲ್ಲಿ ಸುಮಾರು 20 ಲಕ್ಷ ಟನ್ನಿಗೆ ಕುಸಿಯಿತು. ಅಲ್ಲಿಯೂ ಜನ ಮೊದಲು ಕೇಳಿದ್ದು ತಪ್ಪು ಕಡಲಿನದೋ ಬಲೆಯದೋ ಎಂದು.

ಇನ್ನು ಕೆಲವರು ಹೇಳುವುದು: ಬಿಸಿ ಏರಿದ್ದರಿಂದ ಬೂತಾಯಿ ನಷ್ಟವಾಗಿಲ್ಲ, ಹರಡಿಕೊಂಡಿದೆ. ಒಂದು ಕಾಲಕ್ಕೆ ಕೇರಳ–ಕರ್ನಾಟಕದ ದಡಕ್ಕೆ ಸೀಮಿತವಾಗಿದ್ದ ಮೀನು 1980ರ ದಶಕದ ನಂತರ ತಮಿಳುನಾಡು, ಆಂಧ್ರದ ಮೂಡುಗಡಲಿನಲ್ಲಿ, ಬಡಗಣದಲ್ಲಿ ಮಹಾರಾಷ್ಟ್ರ, ಗುಜರಾತಿನವರೆಗೂ ಸಿಗತೊಡಗಿತು, ಇ. ವಿವೇಕಾನಂದನ್ ಮೊದಲಾದ ವಿಜ್ಞಾನಿಗಳು ಇದನ್ನು ಬಿಸಿಯಾಗುತ್ತಿರುವ ಕಡಲಿನ ಗುರುತೆಂದೇ ಓದಿದರು. ದೇಶದ ಲೆಕ್ಕದ ಪುಸ್ತಕದಲ್ಲಿ ಇದು ಲಾಭವೇ. ಆದರೆ ಮೀನಿಗೆ ಈಜುರೆಕ್ಕೆಯಿದೆ, ಮಲ್ಪೆಯ ಕುಟುಂಬಕ್ಕೆ ಅದಿಲ್ಲ. ಇಲ್ಲಿನ ಬೋಟಿನ ಸಾಲ, ಮಂಜುಗಡ್ಡೆ ಕಾರ್ಖಾನೆ, ಬುಟ್ಟಿ ಹೊತ್ತು ಮಾರುವ ಹೆಂಗಸರ ಗಿರಾಕಿ ಎಲ್ಲವೂ ಇದೇ ದಡಕ್ಕೆ ಕಟ್ಟಿಹಾಕಿದಂಥವು. ಹಾಗೆಯೇ 2022ರಲ್ಲಿ ಕೇರಳದ ಹಿಡುವಳಿ ಒಂದು ಲಕ್ಷ ಟನ್ ದಾಟಿ, ಮರುವರ್ಷ ಇನ್ನಷ್ಟು ಏರಿದ್ದನ್ನು ತೋರಿಸಿ, ನೋಡಿ ಮೀನು ಬಂತಲ್ಲ ಎನ್ನುವವರಿದ್ದಾರೆ. ಬಂತು, ಸಂತೋಷ. ಒಳ್ಳೆಯ ಮುಂಗಾರು ಬಂದರೆ ಬೂತಾಯಿ ಇನ್ನೂ ಏಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ 2012ರ ಮಟ್ಟದ ಅರ್ಧವನ್ನೂ ಅದು ಮುಟ್ಟಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ವಿಜ್ಞಾನದ ಒಳಗಿನಿಂದಲೇ ಬರುವ ಒಂದು ಮರುಮಾತೂ ಇದೆ. ಆ್ಯಂಡ್ರೂ ಬೇಕನ್ 1990ರಲ್ಲಿ ಮಂಡಿಸಿದ ವಾದದಂತೆ, ನೆಲ ಕಡಲಿಗಿಂತ ಬೇಗ ಕಾಯುವುದರಿಂದ ದಡದ ಗಾಳಿ ಬಲಗೊಂಡು ತಳನೀರಿನ ಏರಿಕೆ ಹೆಚ್ಚಬೇಕು. ಅಂದರೆ ಬಿಸಿಯ ಯುಗದಲ್ಲಿ ತಣ್ಣೀರಿನ ದಡಗಳು ಇನ್ನಷ್ಟು ತಂಪಾಗಬಹುದು. ಬೇರೆ ಕೆಲವು ದಡಗಳಿಗೆ ಇದು ಹೊಂದಬಹುದು. ಹಿಂದೂ ಮಹಾಸಾಗರದ ಕಥೆ ತಿರುವುಮುರುವು: ಇಲ್ಲಿ ಕಡಲೇ ಬೇಗ ಕಾದು, ನೆಲ–ಕಡಲಿನ ಉಷ್ಣತೆಯ ಅಂತರ ಕುಗ್ಗಿ, ಮುಂಗಾರಿನ ಓಟ ತಗ್ಗಿದೆಯೆಂದು ರಾಕ್ಸಿಯವರ ತಂಡ 2015ರಲ್ಲಿ ಬರೆದಿದೆ. ಒಂದು ವೇಳೆ ಬೇಕನ್ನರ ಮಾತೇ ಗೆದ್ದು ಏರಿಕೆ ಬಲಗೊಂಡರೂ ಬೂತಾಯಿಗೆ ಅದು ನೆಮ್ಮದಿಯಲ್ಲ. ಗೋವೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, ಪಡುವಣ ದಡದ ಕಡಲತಳದಲ್ಲಿ ಮುಂಗಾರಿನ ಕೊನೆಯ ತಿಂಗಳುಗಳಲ್ಲಿ ಆಮ್ಲಜನಕ ಪೂರ್ತಿ ಬತ್ತುವುದುಂಟು. 1999ರಲ್ಲಿ ಅಲ್ಲಿನ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವೇ ಸಿಕ್ಕಿತ್ತು. ಬಾನ್ಸೆ ನಾಲ್ಕು ದಶಕ ಮೊದಲು ಕಂಡದ್ದರ ತೀವ್ರ ರೂಪ ಇದು, ನದಿಗಳು ಹೊತ್ತು ತರುವ ಗೊಬ್ಬರದ ಪಾಲೂ ಅದರಲ್ಲಿದೆ. ಹದ ಯಾವ ಕಡೆಗೆ ತಪ್ಪಿದರೂ ತಪ್ಪಿದಂತೆಯೇ.

ಹೀಗೆ ಓದಿದರೆ ನಮ್ಮ ಕಾನೂನಿನ ಒಂದು ದಿನಾಂಕ ವಿಚಿತ್ರವಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲು ಬಂದ್. ಒರಟು ಕಡಲಿನಿಂದ ಜೀವ ಉಳಿಸಲು, ತತ್ತಿಯಿಡುವ ಮೀನಿಗೆ ಬಿಡುವು ಕೊಡಲು ಇಟ್ಟ ನಿಯಮ, ಒಳ್ಳೆಯದೇ. ಆದರೆ ಆಗಸ್ಟ್ 1 ಕ್ಯಾಲೆಂಡರಿನ ತಾರೀಖು, ಕಡಲಿನದಲ್ಲ. ತಣ್ಣೀರು ಎರಡು ಮೂರು ವಾರ ತಡವಾಗಿ ಬಂದ ವರ್ಷ, ಮರಿಗಳು ದಡದ ಬಳಿ ಮೇಯುತ್ತಿರುವಾಗಲೇ ಬಲೆ ಇಳಿಯುತ್ತದೆ. 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂಬ ಮಿತಿಯನ್ನು ಬಲೆ ಎತ್ತಿದ ಮೇಲೆ ಪಾಲಿಸಿ ಪ್ರಯೋಜನವೇನು? ಅಷ್ಟರಲ್ಲಿ ಅವು ಸತ್ತಿರುತ್ತವೆ. ಓಷನ್‌ಸ್ಯಾಟ್ ಮತ್ತು ಇನ್‌ಕಾಯ್ಸ್ ಈವರೆಗೆ ಬಹುಮಟ್ಟಿಗೆ ಮೀನು ಎಲ್ಲಿ ಸಿಗುತ್ತದೆ ಎಂದು ಹೇಳಲು ದುಡಿದಿವೆ, ಎಂದು ಹಿಡಿಯಬಾರದು ಎಂದು ಹೇಳಲು ಅಲ್ಲ. ಉಷ್ಣತೆ ಮತ್ತು ಹಸಿರಿನ ಅಳತೆ ನೋಡಿ ಬಂದ್ ತೆರೆಯುವ ದಿನವನ್ನು ವರ್ಷವರ್ಷಕ್ಕೆ ಹಿಂದೆಮುಂದೆ ಮಾಡಲು ಬೇಕಾದ ಮಾಹಿತಿ ಈಗಾಗಲೇ ಇದೆ. ಬದಲಾಗುವ ತಾರೀಖು ಮೀನುಗಾರರಿಗೆ ಒಗ್ಗದು ಎಂಬ ಮಾತನ್ನು ಒಪ್ಪಲಾರೆ. ತಣ್ಣೀರುಬಾವಿಯಲ್ಲಿ, ಮಲ್ಪೆಯಲ್ಲಿ ಮೊಗವೀರರು ನೂಲ ಹುಣ್ಣಿಮೆಯಂದು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವ ದಿನ ಪ್ರತಿವರ್ಷವೂ ಬೇರೆಯೇ, ಆಗಸ್ಟ್ ತಿಂಗಳ ಮೊದಲಿಗೂ ಬರುತ್ತದೆ, ಕೊನೆಗೂ ಬರುತ್ತದೆ. ನಿಜವಾದ ಅಡ್ಡಿ ಬೇರೆಡೆ ಇದೆ. ಕೇರಳದ ಟ್ರಾಲ್ ನಿಷೇಧ 52 ದಿನದ್ದು, ಜೂನ್ 9ರ ನಡುರಾತ್ರಿಯಿಂದ. ನಮ್ಮದು 61 ದಿನದ್ದು. ನಾಡದೋಣಿಗಳಿಗೆ ಎರಡೂ ಕಡೆ ವಿನಾಯಿತಿ. ಕರ್ನಾಟಕ ಒಂದೇ ತನ್ನ ದಿನಾಂಕ ಮುಂದೂಡಿದರೆ ಕಾಸರಗೋಡು ಕಡೆಯ ಬೋಟುಗಳು ಅದೇ ಹಿಂಡಿಗೆ ಬಲೆ ಹಾಕುತ್ತವೆ, ಉಳ್ಳಾಲದವರು ದಡದಲ್ಲಿ ನಿಂತು ನೋಡಬೇಕಾಗುತ್ತದೆ. ಹಾಗಾಗಿ ಕೊಲ್ಲಂನಿಂದ ರತ್ನಾಗಿರಿಯವರೆಗೆ ನಾಲ್ಕು ರಾಜ್ಯಗಳು ಕೂತು ಒಂದೇ ಅಳತೆಗೆ ಒಪ್ಪಬೇಕು, ಬಂದ್ ಉದ್ದವಾದ ವರ್ಷ ಬೋಟಿನ ಕಲಾಸಿಗಳಿಗೆ ಕೊಡುವ ಪರಿಹಾರದ ದುಡ್ಡು ಯಾರದೆಂಬುದನ್ನು ಮೊದಲೇ ತೀರ್ಮಾನಿಸಬೇಕು. 1986ರ ಕಾಯಿದೆಯಂಥ ರಾಜ್ಯ ಕಾನೂನುಗಳ ಅಧಿಕಾರ ದಡದಿಂದ 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ. ಅದರಾಚೆಯ ನೀರು ಕೇಂದ್ರದ್ದು, ಪರ್ಸೀನ್ ಬೋಟುಗಳು ಅಲ್ಲಿಗೂ ಹೋಗುತ್ತವೆ. ಹಾಗಾಗಿ ಆ ಮಾತುಕತೆಯಲ್ಲಿ ಕೇಂದ್ರವೂ ಕೂರಬೇಕು.